ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ

ನಿಜ್ವಾದ ನಮ್ಮ ಶೆಡ್ಡಿನ ಮುಂದೆ ಎರಡು ಪಿಕಪ್ಪು,
ಒಂದೇ ಬಿಳಿ, ಒಂದೇ ಉದ್ದ, ಒಂದೇ ಕಂಪನಿಯ ಮೂತಿ.
ಬಾನೆಟ್ಟು ಎತ್ತಿದರೆ ಮಾತ್ರ ಮನೆತನ ಬೇರೆ:
ಒಂದಕ್ಕೆ ಆರು ಸಿಲಿಂಡರು, ಇನ್ನೂರ ಮೂವತ್ತೈದು ಕುದುರೆ.
ಇನ್ನೊಂದಕ್ಕೆ ನಾಲ್ಕು, ನೂರರವತ್ತನಾಲ್ಕು.
ಹೆಚ್ಚಿನ ಎಪ್ಪತ್ತೊಂದು ಕುದುರೆಗಳ ಹುಲ್ಲಿನ ಲೆಕ್ಕ
ನನ್ನ ಮೇಜಿಗೆ ಬಂತು.

"ಇನ್ನೂ ಐದು ತೆಗೆದುಕೊಳ್ಳಬೇಕು, ಯಾವುದು?"
ಅರ್ಬಾಬ್ ಹಿಮ್ಯಾರ್ ಕೇಳಿದ್ದು ಇಷ್ಟೇ.
ನಾನು ಹಾವೇರಿಯವನು, ಸ್ಟೇರಿಂಗು ಹಿಡಿದವನಲ್ಲ,
ಪಂಪಿನ ಚೀಟಿಗಳನ್ನು ಪಿನ್ನು ಚುಚ್ಚಿ ಜೋಡಿಸಿಡುವವನು.
ಬಹ್ಲಾದ ಚಪ್ಪಟೆ ರಸ್ತೆಯಲ್ಲಿ ಯೋಚನೆಯೇ ಬೇಡ,
ಚಿಕ್ಕದು ಲೀಟರಿಗೆ ಹತ್ತು ಕೊಡುತ್ತದೆ,
ದೊಡ್ಡದು ಏಳೂವರೆಗೇ ಆಕಳಿಸುತ್ತದೆ.

ಆದರೆ ನಮ್ಮ ಗಿರಾಕಿಗಳು ಬೆಟ್ಟದ ಮೇಲಿದ್ದಾರೆ.
ಜಬಲ್ ಅಖ್ದರ್. ಹೆಸರಿಗೆ ಹಸಿರು, ಮೈಗೆ ಕಲ್ಲು.
ಬಿರ್ಕತ್ ಅಲ್ ಮೋಜಿನ ಚೌಕಿಯಲ್ಲಿ ಪೊಲೀಸರು
ನಾಲ್ಕೂ ಗಾಲಿಗೆ ಎಳೆತ ಉಂಟೋ ಎಂದು ನೋಡಿಯೇ ಬಿಡುವುದು.
ಆಮೇಲೆ ದಾರಿ, ಗೋಡೆಗೆ ಒರಗಿಸಿಟ್ಟ ಏಣಿ.
ಅಲ್ಲಿ ದೊಡ್ಡದಕ್ಕೆ ಆರೂ ಮುಕ್ಕಾಲು,
ಚಿಕ್ಕದಕ್ಕೆ ಎಂಟು ಪಾಯಿಂಟ್ ಒಂದು, ಯಾರು ಓಡಿಸಿದರೂ.
ಹಸನಬ್ಬ ಓಡಿಸಿದರೆ ಒಂಬತ್ತು ಪಾಯಿಂಟ್ ನಾಲ್ಕು.

"ಅವನ ಕಾಲು ಹಗುರ" ಎಂದರು ಎಲ್ಲರೂ.
ಲೆಕ್ಕದವನಿಗೆ ಕಾಲಿನಲ್ಲಿ ನಂಬಿಕೆ ಇಲ್ಲ.
ಜುಲೈ ತಿಂಗಳು, ಕುತ್ತಿಗೆಯವರೆಗೆ ಟ್ಯಾಂಕು ತುಂಬಿಸಿ
ಪಕ್ಕದ ಸೀಟಿನಲ್ಲಿ ಕೂತೆ.

ಹಿಂದೆ ನಲವತ್ತು ಕ್ಯಾನು ಕುಡಿಯುವ ನೀರು, ಹೋಟೆಲಿನದು.
ಮುಂದೆ ಅವನ ಕಾಲ ಬಳಿ ಮೂರು ಬಾಟಲಿ, ಅವನದು.
ಚೌಕಿ ದಾಟಿದ್ದೇ ಹಸನಬ್ಬ ಕೈ ಚಾಚಿ
ಎ.ಸಿ. ಆರಿಸಿದ. ಗ್ಲಾಸು ಇಳಿಸಿದ.
ತಂದೂರಿನ ಬಾಯಿ ತೆರೆದ ಹಾಗಾಯಿತು.

"ಇರುವುದೇ ನಾಲ್ಕು ಸಿಲಿಂಡರು ಮಾರಾಯ್ರೆ,
ಅದರಲ್ಲೂ ತಂಪಿಗೆ ಪಾಲು ಕೊಟ್ಟರೆ ಹತ್ತುವುದು ಯಾವುದರಲ್ಲಿ?
ಮೇಲೆ ಹೋದ ಹಾಗೆ ಗಾಳಿ ತೆಳು. ಎಂಜಿನ್ನಿಗೂ ಉಬ್ಬಸ."
ಸೂಜಿ ನಾಲ್ಕು ಸಾವಿರ ಮುಟ್ಟುವ ಮೊದಲೇ
ಅವನ ಹೆಬ್ಬೆರಳು ಶೂವಿನೊಳಗೆ ಹಿಂದೆ ಸರಿಯುವುದು
ನನಗೆ ಕಂಡ ಹಾಗೇ ಇತ್ತು.

ಎರಡನೇ ತಿರುವಿನಲ್ಲಿ ಆರು ಸಿಲಿಂಡರಿನ ಶೇರ್‌ಜಾನ್
ಗ್ಲಾಸು ಏರಿಸಿಕೊಂಡು, ಹಾರ್ನು ಕೂಡ ಹೊಡೆಯದೆ
ಮದುವೆಗೆ ಹೊರಟವನ ಹಾಗೆ ನಮ್ಮನ್ನು ದಾಟಿದ.
ಹಸನಬ್ಬ ಬಾಟಲಿಯ ಮುಚ್ಚಳ ಹಲ್ಲಿನಲ್ಲಿ ತಿರುವಿದ.
"ಅವನದ್ದು ಗಾಡಿ ಕುಡೀತದೆ.
ಇಲ್ಲಿ ನಾನು ಕುಡೀತೇನೆ."

ಇಳಿದು ಬಂದು ಮತ್ತೆ ಪಂಪು. ನಳಿಗೆ ಟಕ್ ಎಂದು ನಿಂತಿತು.
ನೂರ ಹತ್ತು ಕಿಲೋಮೀಟರು, ಹನ್ನೊಂದು ಪಾಯಿಂಟ್ ಏಳು ಲೀಟರು.
ಒಂಬತ್ತು ಪಾಯಿಂಟ್ ನಾಲ್ಕು. ನಿಯತ್ತಿನ ಅಂಕಿ.
ಕಂಪನಿಗೆ ಉಳಿದದ್ದು ನಾನೂರ ಐವತ್ತನಾಲ್ಕು ಬೈಸಾ.
ಖಾಲಿ ಬಾಟಲಿ ಮೂರು, ಅವನ ಕಿಸೆಯಿಂದ ಮುನ್ನೂರು.

ಮರುವಾರ ಹಟ ಹಿಡಿದು ಎ.ಸಿ. ಹಾಕಿಸಿಯೇ ಹೋದೆ.
ಎಂಟು ಪಾಯಿಂಟ್ ಒಂದು.
"ನನ್ನ ನಂಬರು ಕೆಡಿಸಿಬಿಟ್ಟಿರಲ್ಲ" ಎಂದು
ಎರಡು ದಿನ ಅವನು ನನ್ನೊಡನೆ ಮಾತು ಬಿಟ್ಟ.
ಹನ್ನೊಂದು ವರ್ಷದಲ್ಲಿ ಅವನಿಗೆ ಇಲ್ಲಿ
ತನ್ನದೆಂದು ಇದ್ದದ್ದು ಆ ನಂಬರೊಂದೇ ಇರಬೇಕು.

ಅರ್ಬಾಬಿಗೆ ಎಂಟು ಪಾಯಿಂಟ್ ಒಂದನ್ನೇ ಬರೆದುಕೊಟ್ಟೆ.
ಮೂರು ಚಿಕ್ಕವು, ಎರಡು ದೊಡ್ಡವು ಬಂದವು.
ದೊಡ್ಡದರ ಕೀಲಿ ಹಸನಬ್ಬನ ಮುಂದೆ ಹಿಡಿದೆ.
ಅಂಗೈಯಲ್ಲಿ ತೂಗಿ ನೋಡಿ, ಹಿಂದಕ್ಕೆ ಕೊಟ್ಟ.

ಈಗ ಟ್ರಿಪ್ಪಿನ ಚೀಟಿಯಲ್ಲಿ ನಾನೇ ಗೆರೆ ಹಾಕಿದ
ಹೊಸ ಕಾಲಮ್ಮು ಒಂದಿದೆ: ಎ.ಸಿ. ಇತ್ತು, ಇರಲಿಲ್ಲ.
ಹಸನಬ್ಬ ಪ್ರತಿ ಸಲ 'ಇತ್ತು' ಎಂಬಲ್ಲಿ ಗುರುತು ಹಾಕುತ್ತಾನೆ.
ಅದರ ಪಕ್ಕ ಒಂಬತ್ತು ಪಾಯಿಂಟ್ ನಾಲ್ಕು.
ಪಿನ್ನು ಚುಚ್ಚಲು ಎತ್ತಿಕೊಂಡರೆ
ಚೀಟಿ ಒದ್ದೆ.